ಯಾರ ಮನೆಯ ಗುಟ್ಟು?

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ಮೇಜಿನ ಡ್ರಾಯರಿನಲ್ಲಿ 'ಗೌಪ್ಯ' ಅಂತ ಒಂದು ರಬ್ಬರ್ ಸೀಲು ಇರುತ್ತಿತ್ತು. ರಜೆಯಲ್ಲಿ ಕಚೇರಿಗೆ ಹೋದಾಗ ಅದನ್ನು ಅಂಗೈ ಮೇಲೆ ಒತ್ತಿಕೊಳ್ಳುವುದು ನನ್ನ ಆಟ. ಆ ಸೀಲು ಬಿದ್ದ ಕಡತದಲ್ಲಿ ಏನಿದೆ ಅನ್ನುವುದು ತಹಶೀಲ್ದಾರರಿಗಿಂತ ಮೊದಲು ಎದುರಿನ ಟೀ ಅಂಗಡಿಯವನಿಗೆ ಗೊತ್ತಿರುತ್ತಿತ್ತು ಎಂದು ಅಪ್ಪ ಈಗಲೂ ನಗುತ್ತಾರೆ.

2024ರ ಜೂನ್ 26ರಂದು ಅವರೇ ಫೋನ್ ಮಾಡಿ, "ಆ ಬಿಳಿ ಕೂದಲಿನವನು ನಿಮ್ಮೂರಿಗೇ ಬಂದು ಇಳಿದನಂತಲ್ಲೋ" ಅಂದರು. ನಾನಿರುವುದು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ. ಅಮೆರಿಕದ ಗುಟ್ಟಿನ ದಾಖಲೆಗಳನ್ನು ವಿಕಿಲೀಕ್ಸ್ ಎಂಬ ತನ್ನ ಜಾಲತಾಣದಲ್ಲಿ ಪ್ರಕಟಿಸಿದ ಆಸ್ಟ್ರೇಲಿಯಾದ ಜೂಲಿಯನ್ ಅಸ್ಸಾಂಜ್ ಆ ಸಂಜೆ ಇಲ್ಲಿಗೆ ಬಂದದ್ದು ನಿಜ. ಲಂಡನ್ನಿನಲ್ಲಿ ಸುಮಾರು ಏಳು ವರ್ಷ ಈಕ್ವೆಡಾರ್ ರಾಯಭಾರ ಕಚೇರಿಯ ಆಶ್ರಯದಲ್ಲಿ, ಆಮೇಲೆ ಐದು ವರ್ಷ ಬೆಲ್‌ಮಾರ್ಶ್ ಜೈಲಿನಲ್ಲಿ ಕಳೆದು, ಕೊನೆಗೆ ಸೈಪಾನ್ ದ್ವೀಪದ ಅಮೆರಿಕನ್ ಕೋರ್ಟಿನಲ್ಲಿ ಒಂದು ತಪ್ಪನ್ನು ಒಪ್ಪಿಕೊಂಡು ಮನೆ ಸೇರಿದ್ದ. "ತನ್ನ ಪ್ರಜೆಯನ್ನು ಕೈಬಿಡಲಿಲ್ಲ ನೋಡು ನಿಮ್ಮ ಸರ್ಕಾರ. ನಮ್ಮಲ್ಲಾಗಿದ್ದರೆ?" ಎಂದರು ಅಪ್ಪ. ಗುಟ್ಟು ಪ್ರಕಟಿಸಿದ ಪ್ರಜೆಯನ್ನು ಅವನ ಸರ್ಕಾರ ಕಾಯಬೇಕೇ ಎಂಬುದು ಅವರ ಮಾತಿನ ಹಿಂದಿದ್ದ ಪ್ರಶ್ನೆ. ನನಗೆ ಹೂಂ ಅನ್ನಲು ಬಾಯಿ ಬರಲಿಲ್ಲ.

ಏಕೆಂದರೆ ಅದಕ್ಕೆ ಆರು ವಾರ ಮುಂಚೆ, ಮೇ 14ರಂದು, ಇದೇ ಊರಿನ ಕೋರ್ಟು ಡೇವಿಡ್ ಮೆಕ್‌ಬ್ರೈಡ್ ಎಂಬ ಮಾಜಿ ಸೇನಾ ವಕೀಲನಿಗೆ 5 ವರ್ಷ 8 ತಿಂಗಳ ಸೆರೆವಾಸ ವಿಧಿಸಿತ್ತು. ಅಫ್ಘಾನಿಸ್ತಾನದಲ್ಲಿ ಆಸ್ಟ್ರೇಲಿಯಾದ ವಿಶೇಷ ಪಡೆಗಳು ಏನು ಮಾಡಿದ್ದವು ಎಂಬ ಕಡತಗಳನ್ನು ಆತ ಸರ್ಕಾರಿ ವಾಹಿನಿ ಎಬಿಸಿಗೆ ಕೊಟ್ಟಿದ್ದ. 2017ರಲ್ಲಿ ಅದು ಸುದ್ದಿಯಾಯಿತು. 2020ರಲ್ಲಿ ಈ ಬಗ್ಗೆ ಸೇನೆಯೇ ನಡೆಸಿದ ತನಿಖೆಯ ಬ್ರೆರೆಟನ್ ವರದಿ ಬಂತು: ಸೆರೆಸಿಕ್ಕವರನ್ನೂ ಹಳ್ಳಿಗರನ್ನೂ ಸೇರಿಸಿ 39 ಜನರನ್ನು ಕಾನೂನುಬಾಹಿರವಾಗಿ ಕೊಂದ ಬಗ್ಗೆ ನಂಬಲರ್ಹ ಮಾಹಿತಿ ಇದೆ ಎಂದಿತು. ಮೆಕ್‌ಬ್ರೈಡ್ ಜೈಲಿಗೆ ಹೋದ ದಿನದವರೆಗೆ ಆ ಕೊಲೆಗಳಿಗಾಗಿ ಒಬ್ಬ ಸೈನಿಕನಿಗೂ ಶಿಕ್ಷೆಯಾಗಿರಲಿಲ್ಲ. ಅಸ್ಸಾಂಜ್ ವಿಮಾನದಿಂದಿಳಿದು ಹೆಂಡತಿಯನ್ನು ತಬ್ಬಿ ಎತ್ತಿದಾಗ ಮೆಕ್‌ಬ್ರೈಡ್ ಇದೇ ಊರಿನ ಸೆರೆಮನೆಯಲ್ಲಿದ್ದ.

ಅಮೆರಿಕದ ಗುಟ್ಟು ಹೊರಹಾಕಿದವನನ್ನು ಕರೆತರಲು ಪ್ರಧಾನಿ ಆಲ್ಬನೀಸಿ ಓಡಾಡಿದರು, ಸಂಸತ್ತು 86–42 ಮತಗಳಿಂದ ನಿರ್ಣಯ ಮಾಡಿತು. ತನ್ನ ಮನೆಯ ಗುಟ್ಟು ರಟ್ಟು ಮಾಡಿದವನಿಗೆ ಮಾತ್ರ ಕಂಬಿ. ಆ ಕರುಣೆಯೂ ಹದಿನಾಲ್ಕು ವರ್ಷ ತಡವಾಗಿ ಹುಟ್ಟಿದ್ದು. 2010ರಲ್ಲಿ ಜೂಲಿಯಾ ಗಿಲ್ಲಾರ್ಡ್ ಪ್ರಧಾನಿಯಾಗಿದ್ದಾಗ ವಿಕಿಲೀಕ್ಸ್ ಕೆಲಸವನ್ನೇ ಕಾನೂನುಬಾಹಿರ ಎಂದಿದ್ದರು. ಇಲ್ಲಿನ ಯಾವ ಕಾನೂನನ್ನೂ ಮುರಿದದ್ದು ಕಾಣುವುದಿಲ್ಲ ಎಂದು ಕೆಲವೇ ದಿನಗಳಲ್ಲಿ ಅವರದೇ ಫೆಡರಲ್ ಪೊಲೀಸರು ಹೇಳಬೇಕಾಯಿತು. ಅಂದಹಾಗೆ, ಕರೆತಂದ ವಿಮಾನದ ಬಾಡಿಗೆ 5,20,000 ಅಮೆರಿಕನ್ ಡಾಲರನ್ನು ಅಸ್ಸಾಂಜ್ ಕಡೆಯವರೇ ಚಂದಾ ಎತ್ತಿ ತೀರಿಸಬೇಕಾಯಿತು.

ಸುದ್ದಿ ಮಾಡಿದ ಪತ್ರಕರ್ತರ ಕಥೆ ಇನ್ನೊಂದು. 2019ರ ಜೂನ್‌ನಲ್ಲಿ ಸಿಡ್ನಿಯ ಎಬಿಸಿ ಕಚೇರಿಗೆ ಪೊಲೀಸರು ನುಗ್ಗಿ ಕಂಪ್ಯೂಟರುಗಳನ್ನು ಜಾಲಾಡಿದರು. ಮರುವರ್ಷ ಪ್ರಾಸಿಕ್ಯೂಟರ್ ಕಚೇರಿ, ವರದಿಗಾರನ ಮೇಲಿನ ಆರೋಪ ಕೋರ್ಟಿನಲ್ಲಿ ನಿಲ್ಲಬಹುದಾದರೂ ಸಾರ್ವಜನಿಕ ಹಿತದ ದೃಷ್ಟಿಯಿಂದ ಕೇಸು ಹಾಕುವುದಿಲ್ಲ ಎಂದಿತು. ಅಂದರೆ ಆತ ಪಾರಾದದ್ದು ಅಧಿಕಾರಿಯೊಬ್ಬರ ವಿವೇಚನೆಯಿಂದ. ಆ ಕುರ್ಚಿಯಲ್ಲಿ ನಾಳೆ ಬೇರೆಯವರು ಕೂತರೆ?

ಇನ್ನು ನಮ್ಮ ಕಡೆ. ಬ್ರಿಟಿಷರು 1923ರಲ್ಲಿ ಮಾಡಿ ಬಿಟ್ಟುಹೋದ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಅಲ್ಲೇ ಇದೆ. ಗುಟ್ಟು ಎಂದರೇನು ಎಂದು ಅದರಲ್ಲಿ ವ್ಯಾಖ್ಯಾನವೇ ಇಲ್ಲ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಆದ ಕಾಯ್ದೆ ವರ್ಷಗಟ್ಟಲೆ ಜಾರಿಗೇ ಬರದೆ ಕೂತಿತು. ಇಷ್ಟಿದ್ದೂ 2019ರ ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣ ನನಗೆ ನೆನಪಾಗುತ್ತದೆ. 'ದಿ ಹಿಂದೂ' ರಕ್ಷಣಾ ಇಲಾಖೆಯ ಟಿಪ್ಪಣಿಗಳನ್ನು ಅಚ್ಚು ಹಾಕಿತು. ಮಾರ್ಚ್ 6ರಂದು ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿನಲ್ಲಿ ಕಡತ ಕಳುವಾಗಿದೆ ಎಂದರು. ಎರಡು ದಿನ ಬಿಟ್ಟು, ಕಳುವಲ್ಲ, ಜೆರಾಕ್ಸ್ ಪ್ರತಿ ಎಂದರು. (ಅಪ್ಪನ ಟೀ ಅಂಗಡಿಯವನು ಇದನ್ನು ಕೇಳಬೇಕಿತ್ತು.) ಏಪ್ರಿಲ್ 10ರಂದು ಮೂವರು ನ್ಯಾಯಮೂರ್ತಿಗಳೂ ಒಮ್ಮತದಿಂದ, ಪತ್ರಿಕೆಯಲ್ಲಿ ಬಂದ ಆ ದಾಖಲೆಗಳನ್ನು ನಾವು ನೋಡಬಹುದು ಎಂದರು. ಸಾರ್ವಜನಿಕ ಹಿತ ದೊಡ್ಡದಾದರೆ ರಹಸ್ಯ ಕಾಯ್ದೆಯನ್ನು ಮೀರಿಯೂ ಮಾಹಿತಿ ಕೊಡಬಹುದೆಂಬ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಮು ಅಲ್ಲಿ ಕೆಲಸಕ್ಕೆ ಬಂತು. ಮುಂದೆ ನವೆಂಬರಿನಲ್ಲಿ, ಖರೀದಿಯ ತನಿಖೆ ಬೇಡವೆಂದ ಹಿಂದಿನ ತೀರ್ಪಿನ ಮರುಪರಿಶೀಲನಾ ಅರ್ಜಿಯೇ ವಜಾ ಆಯಿತು, ಅದು ಬೇರೆ ಮಾತು.

ಹೀಗಾಗಿ, ಪ್ರಜೆಯನ್ನು ಸರ್ಕಾರ ಕಾಯಬೇಕೇ ಎಂದರೆ, ಸರ್ಕಾರದ ಮನಸ್ಸಿಗೆ ಬಿಡಬೇಡಿ ಎನ್ನುತ್ತೇನೆ. ಗುಟ್ಟು ಯಾರದೋ ಅವರೇ ತೀರ್ಪುಗಾರರಾದರೆ ಕಾಪಾಡುವುದು ಪಕ್ಕದ ಮನೆಯ ಗುಟ್ಟು ಹೇಳಿದವನನ್ನು ಮಾತ್ರ. ಪ್ರಕಟಿಸಿದವನಿಗೆ ಕಾನೂನಿನಲ್ಲೇ ರಕ್ಷಣೆ ಬರೆದಿಡಬೇಕು. ಕಡತ ಕೊಟ್ಟವನಿಗೆ 'ಏಕೆ ಕೊಟ್ಟೆ' ಎಂದು ಹೇಳಿಕೊಳ್ಳುವ ಅವಕಾಶವಾದರೂ ಇರಬೇಕು. ಮೆಕ್‌ಬ್ರೈಡ್‌ಗೆ ಅದೂ ಸಿಗಲಿಲ್ಲ. ಸಾರ್ವಜನಿಕ ಹಿತಕ್ಕಾಗಿ ಆಜ್ಞೆ ಮೀರಿದೆ ಎಂಬ ವಾದಕ್ಕೆ ಜಾಗವಿಲ್ಲ ಎಂದು ನ್ಯಾಯಾಧೀಶರು ಹೇಳಿದ ಮೇಲೆ ತಪ್ಪೊಪ್ಪಿಕೊಂಡ. ಅಸಲಿಗೆ ಅವನ ತಕರಾರು, ಸೈನಿಕರನ್ನು ವಿಪರೀತ ತನಿಖೆ ಮಾಡಿ ಗೋಳುಹೊಯ್ದುಕೊಳ್ಳುತ್ತಿದ್ದಾರೆ ಎಂಬುದು. ಪತ್ರಕರ್ತರಿಗೆ ಆ ಕಡತಗಳಲ್ಲಿ ಕಂಡದ್ದು ತದ್ವಿರುದ್ಧ. ಓದಿ ತೂಗುವವರು ಬೇಕಾಗುವುದು ಇದಕ್ಕೇ. 2011ರಲ್ಲಿ ವಿಕಿಲೀಕ್ಸ್ ಅಮೆರಿಕದ ಎರಡೂವರೆ ಲಕ್ಷ ರಾಯಭಾರ ಸಂದೇಶಗಳನ್ನು ಹೆಸರು ಕೂಡ ಮರೆಮಾಚದೆ ಸುರಿದದ್ದನ್ನು ನಾನು ಸಮರ್ಥಿಸಲಾರೆ.

ಮೊನ್ನೆ ಮತ್ತೆ ಈ ಮಾತು ಬಂದಾಗ ಅಪ್ಪನನ್ನು ಕೇಳಿದೆ, ಆ ಸೀಲನ್ನು ಯಾವ ಕಡತಕ್ಕೆ ಹಾಕಬೇಕು ಅಂತ ನಿಯಮ ಇತ್ತಾ ಅಂತ. "ಇತ್ತೇನೋ. ನಾವು ಸಾಹೇಬರ ಮುಖ ನೋಡಿ ಹಾಕ್ತಿದ್ವಿ ಕಣೋ" ಎಂದರು.