ಪೈಪು ತೋರಿಸುವ ಊರು

ಧಾರವಾಡದಿಂದ ನಮ್ಮ ಸೋದರಮಾವ ಬಂದಿದ್ದರು. ನಾನಿರುವುದು ಮ್ಯಾಂಚೆಸ್ಟರ್ ಹತ್ತಿರ. ಊರಿಂದ ಬಂದವರಿಗೆಲ್ಲ ಲಂಡನ್ ತೋರಿಸಿ ತೋರಿಸಿ ಸಾಕಾಗಿತ್ತು. ಈ ಸಲ ಲಿವರ್‌ಪೂಲಿಗೆ ಹೋಗೋಣ, ಅರವತ್ತರ ದಶಕದಲ್ಲಿ ಜಗತ್ತನ್ನೇ ಹುಚ್ಚೆಬ್ಬಿಸಿದ ಪಾಪ್ ಸಂಗೀತದ ಗುಂಪು ಬೀಟಲ್ಸ್, ಆ ಹುಡುಗರ ಮನೆಗಳನ್ನು ನೋಡೋಣ ಅಂದೆ. ಮಾಮಾ ಹಿಂದೂಸ್ತಾನಿ ಸಂಗೀತದ ಹುಚ್ಚಿನವರು. ಮಲ್ಲಿಕಾರ್ಜುನ ಮನ್ಸೂರರ ಬೈಠಕ್‌ಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಬೀಟಲ್ಸ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ ಮಾತು: "ರವಿಶಂಕರ ಕಡೆ ಸಿತಾರ ಕಲತ ಹುಡುಗ ಇದ್ದನಲ್ಲ, ಆ ಗುಂಪು."

ಮಿನಿ ಬಸ್ಸು ನಮ್ಮನ್ನು ಫೋರ್ತ್‌ಲಿನ್ ರಸ್ತೆಯ 20ನೇ ನಂಬರಿನ ಮನೆ ಮುಂದೆ ಇಳಿಸಿತು. ಪಾಲ್ ಮೆಕಾರ್ಟ್ನಿ ಬೆಳೆದ ಮನೆ. ಎಡಕ್ಕೂ ಬಲಕ್ಕೂ ಅಂಥವೇ ಮನೆಗಳು, ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಕ್ಕದ ಮನೆಯವರು ಕಾರು ತೊಳೆಯುತ್ತಿದ್ದರು. ಮಾಮಾ ಮೇಲೆ ಕೆಳಗೆ ನೋಡಿ, "ಇದೇನಪಾ, ಇದನ್ನ ನೋಡಾಕ ರೊಕ್ಕ ಕೊಟ್ಟು ಬಂದ್ವೇನು?" ಅಂದರು. ಟಿಕೆಟ್ಟೇನೂ ಅಗ್ಗ ಅಲ್ಲ, ಅದಕ್ಕೇ ನಾನು ಸುಮ್ನೆ ಇದ್ದೆ.

ಇದು ಅಲ್ಲಿನ ನಗರಸಭೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಮನೆ. ಮೆಕಾರ್ಟ್ನಿ ಕುಟುಂಬ ಇಲ್ಲಿಗೆ ಬಂದದ್ದು 1955ರಲ್ಲಿ. ತಾಯಿ ಮೇರಿ ಹೆರಿಗೆ ಮಾಡಿಸುವ ನರ್ಸ್. ತಂದೆ ಜಿಮ್ ಹತ್ತಿ ವ್ಯಾಪಾರದವರ ಕೈಕೆಳಗೆ ಕೆಲಸಕ್ಕಿದ್ದವರು. ಮನೆಯೊಳಗೇ ಸಂಡಾಸು ಇದೆ ಅನ್ನುವುದೇ ಆಗ ಅವರಿಗೆ ದೊಡ್ಡ ಸಂಭ್ರಮ. ಮರುವರ್ಷವೇ ತಾಯಿ ತೀರಿಕೊಂಡರು. ಪಾಲ್‌ಗೆ ಆಗ 14 ವರ್ಷ.

ಒಳಗೆ ಹೋದರೆ ದೊಡ್ಡ ವಸ್ತುಗಳೇನೂ ಇಲ್ಲ. ಹಾಲಿನ ಗೋಡೆ ಕಾಗದ ಒಂದೊಂದು ಕಡೆ ಒಂದೊಂದು ಥರ. ಅಂಗಡಿಯಲ್ಲಿ ಉಳಿದ ತುಂಡುಗಳು ಸಿಕ್ಕಷ್ಟು ತಂದು ಅಂಟಿಸಿದ್ದರಂತೆ. ಆ ಮೂಲೆಯಲ್ಲೊಂದು ಪಿಯಾನೋ. ಜಿಮ್ ತಮ್ಮ ಪಿಯಾನೋ ಕೊಂಡದ್ದು ಎಪ್‌ಸ್ಟೈನ್ ಮನೆತನದ ಅಂಗಡಿಯಲ್ಲಿ. ಮುಂದೆ ಅದೇ ಮನೆಯ ಮಗ ಬ್ರಯಾನ್ ಬೀಟಲ್ಸ್‌ನ ಮ್ಯಾನೇಜರ್ ಆದ. ಇದೇ ಹಾಲಿನಲ್ಲಿ ಪಾಲ್, ಗುಂಪಿನ ಜೊತೆಗಾರ ಜಾನ್ ಲೆನನ್ ಇಬ್ಬರೂ ಎದುರುಬದುರು ಕೂತು ಗಿಟಾರ್ ಹಿಡಿದು ಹಾಡು ಕಟ್ಟುತ್ತಿದ್ದರು. ಎಷ್ಟು ಚಿಕ್ಕ ಜಾಗ ಅಂದರೆ ಮೊಣಕಾಲಿಗೆ ಮೊಣಕಾಲು ತಾಗಬೇಕು.

ಆಮೇಲೆ ಮನೆ ತೋರಿಸುವ ಗೈಡು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಪೈಪು ತೋರಿಸಿದರು. ಗೋಡೆಗುಂಟ ಮೇಲಿಂದ ಇಳಿದ ನೀರಿನ ಪೈಪು. ರಾತ್ರಿ ತಡವಾಗಿ ಬಂದಾಗ ಪಾಲ್ ಇದನ್ನು ಹತ್ತಿ, ಸಂಡಾಸಿನ ಕಿಟಕಿಯಿಂದ ಒಳಗೆ ನುಗ್ಗಿ ಮುಂಬಾಗಿಲು ತೆಗೆಯುತ್ತಿದ್ದನಂತೆ. ಮಾಮಾ ಅದನ್ನೇ ದಿಟ್ಟಿಸಿ ನೋಡಿದರು. ಕೈಯಿಂದ ಒಮ್ಮೆ ಮುಟ್ಟಿಯೂ ನೋಡಿದರು. ಅಡುಗೆಮನೆಗೆ ಬಂದ ಮೇಲೆ ನನ್ನನ್ನು ತಿವಿದು ಒಂದು ಪ್ರಶ್ನೆ ಕೇಳಿಸಿದರು: "ಅವರವ್ವ ಹೋದ ಮ್ಯಾಲೆ ಅಡಿಗಿ ಯಾರು ಮಾಡತಿದ್ರಂತ, ಕೇಳು." ಅಪ್ಪನೇ ಮಾಡುತ್ತಿದ್ದರು, ಸೋದರತ್ತೆಯರು ಆಗಾಗ ಬಂದು ಕೈಗೂಡಿಸುತ್ತಿದ್ದರು ಅಂತ ಉತ್ತರ ಬಂತು. ಮಾಮಾ ತಲೆ ಆಡಿಸಿದರು. ಅಲ್ಲಿಂದ ಮುಂದೆ ದುಡ್ಡಿನ ಮಾತು ಎತ್ತಲಿಲ್ಲ.

ನಾನು ಹೇಳಬೇಕೆಂದಿರುವುದು ಈ ಪೈಪಿನ ವಿಷಯವೇ.

ನಮ್ಮಲ್ಲಿ ದೊಡ್ಡವರ ಮನೆಯನ್ನು ಉಳಿಸುವುದಿಲ್ಲ ಅನ್ನುವುದು ಹೊರನಾಡಲ್ಲಿ ಕೂತವರ ಹಳೇ ಗೊಣಗಾಟ. ಅದು ಪೂರ್ತಿ ನಿಜ ಅಲ್ಲ. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಇದೆ, ಧಾರವಾಡದಲ್ಲೇ ಮನ್ಸೂರರ 'ಮೃತ್ಯುಂಜಯ' ಇದೆ, ಸಾಧನಕೇರಿಯಲ್ಲಿ ಯಾರನ್ನು ಕೇಳಿದರೂ ಬೇಂದ್ರೆಯವರ ಮನೆ ತೋರಿಸುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದ್ದರು. ಪತ್ರಿಕೆಗಳೂ ಊರಿನವರೂ ಗಲಾಟೆ ಮಾಡಿದ ಮೇಲೆ ನಿಂತಿತು. ಪಾಲಿಕೆ ಕೊಂಡು, ದುರಸ್ತಿ ಮಾಡಿ, 2016ರಲ್ಲಿ ಮ್ಯೂಸಿಯಂ ಅಂತ ಬಾಗಿಲು ತೆರೆಯಿತು.

ಹಾಗೆ ನೋಡಿದರೆ ಲಿವರ್‌ಪೂಲಿನವರೂ ಸಾಚಾಗಳಲ್ಲ. ಬೀಟಲ್ಸ್ ಸುಮಾರು 300 ಸಲ ಹಾಡಿದ ಕ್ಯಾವರ್ನ್ ಕ್ಲಬ್ಬಿನ ನೆಲಮಾಳಿಗೆಯನ್ನು 1973ರಲ್ಲಿ ಮುಚ್ಚಿಸಿದರು. ರೈಲು ಸುರಂಗಕ್ಕೆ ಗಾಳಿ ಆಡುವ ಕೊಳವೆ ಬೇಕು ಅಂತ ಕಾರಣ. ಆ ಕೊಳವೆ ಅಲ್ಲಿ ಬರಲೇ ಇಲ್ಲ! 1984ರಲ್ಲಿ ಹಳೇ ಇಟ್ಟಿಗೆಗಳನ್ನೇ ಒಂದಷ್ಟು ಆರಿಸಿ ಮತ್ತೆ ಕಟ್ಟಿದರು. ಈಗಿರುವುದು ಅದು. ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ 1940ರಲ್ಲಿ ಹುಟ್ಟಿದ ಮ್ಯಾಡ್ರಿನ್ ಬೀದಿಯ 9ನೇ ನಂಬರಿನ ಮನೆಯದೂ ಯಾದವಗಿರಿಯ ಕಥೆಯೇ. ಬೀದಿಗೆ ಬೀದಿಯೇ ಹಲಗೆ ಬಡಿದು ಖಾಲಿ ಬಿದ್ದಿತ್ತು, ಕೆಡವುವ ಪಟ್ಟಿಯಲ್ಲಿತ್ತು. ಗಲಾಟೆ ಆಗಿ 2012ರಲ್ಲಿ ಉಳಿಯಿತು. ಈಗ ಅಲ್ಲಿ ಮನೆಗಳು ದುರಸ್ತಿಯಾಗಿ ಸಂಸಾರಗಳು ಬಂದಿವೆ. ನಾವು ಹೋದಾಗ ಒಬ್ಬ ಹುಡುಗ ಗೋಡೆಗೆ ಚೆಂಡು ಒದೆಯುತ್ತಿದ್ದ. ಫೋಟೋ ತೆಗೆಯೋಣ ಅಂದರೆ ಅವನು ಸರಿಯಲೇ ಇಲ್ಲ.

ಅಂದರೆ ಒಡೆಯುವುದರಲ್ಲಿ, ಕೊನೇ ಗಳಿಗೆಯಲ್ಲಿ ಎಚ್ಚರಾಗುವುದರಲ್ಲಿ ಇಬ್ಬರೂ ಒಂದೇ. ವ್ಯತ್ಯಾಸ ಇರುವುದು ಉಳಿಸಿಕೊಂಡ ಮೇಲೆ.

ನಮ್ಮಲ್ಲಿ ಉಳಿದ ಮನೆಗೆ ಮೊದಲು ಸುಣ್ಣಬಣ್ಣ. ಆಮೇಲೆ ಗಾಜಿನ ಪೆಟ್ಟಿಗೆ. ಅದರೊಳಗೆ ಪ್ರಶಸ್ತಿ, ಶಾಲು, ಫಲಕ, ರಾಷ್ಟ್ರಪತಿಗಳ ಜೊತೆ ತೆಗೆಸಿಕೊಂಡ ಫೋಟೋ. ಯಾದವಗಿರಿಯ ಮಹಡಿಯಲ್ಲಿ ಸುತ್ತ ಕಿಟಕಿಗಳಿರುವ ಚೆಂದದ ಕೋಣೆ ಇದೆ, ನಾರಾಯಣ್ ಕೂತು ಬರೆಯುತ್ತಿದ್ದ ಕೋಣೆ. ನಾನು ಹೋದ ದಿನ ಅದರ ನಡುವೆ ನಿಂತು ನೋಡಿದೆ. ಬೆಳಕು ಚೆನ್ನಾಗಿತ್ತು. ಆದರೆ ಅವರು ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದರು, ಕಾಫಿ ಕೆಳಗಿಂದ ಯಾರು ತರುತ್ತಿದ್ದರು, ಇದನ್ನೆಲ್ಲ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಹತ್ತು ನಿಮಿಷಕ್ಕೆ ಹೊರಗೆ ಬಂದೆ. ಫೋರ್ತ್‌ಲಿನ್ ರಸ್ತೆಯ ಆ ಪುಟ್ಟ ಮನೆಯಲ್ಲಿ ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಒಬ್ಬರು ಕಥೆ ಹೇಳುವವರು ಇರುವುದರಿಂದ ಅಷ್ಟೂ ಫರಕು. ಜಾನ್ ಲೆನನ್ ಬೆಳೆದ ಮೆನ್ಲವ್ ಅವೆನ್ಯೂ ಮನೆಯಲ್ಲೂ ಹಾಗೇ. ಅದು ಸ್ವಲ್ಪ ಅನುಕೂಲಸ್ಥರ ಮನೆ. ಸಾಕಿದ್ದು ದೊಡ್ಡಮ್ಮ ಮಿಮಿ, ಬಲು ಶಿಸ್ತಿನ ಹೆಂಗಸು. ಗಿಟಾರ್ ಗದ್ದಲ ಮನೆಯೊಳಗೆ ಬೇಡ ಅಂತ ಹುಡುಗರನ್ನು ಮುಂಬಾಗಿಲಿನ ಪುಟ್ಟ ಗಾಜಿನ ಜಗುಲಿಗೆ ಅಟ್ಟುತ್ತಿದ್ದಳು. ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಡುತ್ತದೆ, ಹುಡುಗರಿಗೆ ಅದೇ ಲಾಭ ಆಯಿತು. ಜಾನ್ ಹೆಂಡತಿ ಯೋಕೊ ಓನೊ ಈ ಮನೆಯನ್ನು 2002ರಲ್ಲಿ ಕೊಂಡು ನ್ಯಾಷನಲ್ ಟ್ರಸ್ಟಿಗೆ ಕೊಟ್ಟರು. ಪಾಲ್ ಮನೆಯನ್ನು ಅದೇ ಟ್ರಸ್ಟು 1995ರಲ್ಲೇ ಕೊಂಡಿತ್ತು. ಸಾಹುಕಾರರ ದೊಡ್ಡ ದೊಡ್ಡ ಬಂಗಲೆ, ತೋಟ ನೋಡಿಕೊಳ್ಳುವ ಸಂಸ್ಥೆ ಅದು. ಬಾಡಿಗೆ ಮನೆಯೊಂದನ್ನು ಆ ಸಾಲಿಗೆ ಸೇರಿಸಿತಲ್ಲ, ಆ ತಿಳಿವಳಿಕೆಗೆ ನನ್ನ ಮೆಚ್ಚುಗೆ.

ಇನ್ನೊಂದು ಸಂಗತಿಯೂ ನನಗೆ ಹಿಡಿಸಿತು. ಮನೆಯೊಳಗೆ ಫೋಟೋ ತೆಗೆಯುವಂತಿಲ್ಲ, ಒಂದು ಸಲಕ್ಕೆ ಕೆಲವರೇ. ಅಕ್ಕಪಕ್ಕದಲ್ಲಿ ಜನ ವಾಸ ಇದ್ದಾರೆ, ಅವರಿಗೆ ತೊಂದರೆ ಆಗಬಾರದು. ನಮ್ಮ ಕಡೆ ಪೆಂಡಾಲು, ಮೈಕು, ಹಾರ ಇಲ್ಲದೆ ಇಂಥದ್ದು ಶುರುವೇ ಆಗುವುದಿಲ್ಲ. ಆ ಗದ್ದಲ ಮುಗಿದ ಮೇಲೆ ಬೀಗ.

ಮ್ಯಾಥ್ಯೂ ಬೀದಿ ಮಾತ್ರ ನನಗೆ ಸೇರಲಿಲ್ಲ, ಬಿಡಿ. ಕ್ಯಾವರ್ನ್ ಇರುವ ಬೀದಿ. ಟೀ ಶರ್ಟು, ಮಗ್ಗು, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ, ಕುಡಿದವರ ಕೂಗಾಟ. ಜಾತ್ರೆ ಅಂದರೆ ಜಾತ್ರೆ. ಬೀಟಲ್ಸ್ ಹಾಡಿನಿಂದ ಹೆಸರಾದ ಪೆನಿ ಲೇನ್‌ನಲ್ಲಿ ರಸ್ತೆ ಹೆಸರಿನ ಫಲಕವನ್ನು ಜನ ಕದ್ದು ಕದ್ದು, ಕೊನೆಗೆ ಹೆಸರನ್ನು ಗೋಡೆಯ ಮೇಲೆ ಬಣ್ಣದಲ್ಲೇ ಬರೆದುಬಿಟ್ಟಿದ್ದರು. ಅದನ್ನು ಕೇಳಿ ಮಾಮಾಗೆ ಖುಷಿಯೋ ಖುಷಿ. "ಇಲ್ಲೂ ನಮ್ಮಂಥ ಮಂದಿನ ಅದಾರ ಬಿಡು."

ವಾಪಸು ಬರುವಾಗ ಲೈಮ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆವು. ಮಾಮಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮನ್ಸೂರರು ಬೀಡಿ ಸೇದತಿದ್ರು, ಗೊತ್ತೈತಿಲ್ಲೋ ನಿನಗ?" ಅಂದರು.

"ಕೇಳೀನಿ ಮಾಮಾ."

"ಆ ಬೀಡಿ ಕಟ್ಟು ಮನ್ಯಾಗ ಎಲ್ಲಿ ಇಡತಿದ್ರು? ಅದನ್ನ ಈಗ ಬಂದವರಿಗೆ ಯಾರು ಹೇಳಬೇಕು?"

ನಾನು ಉತ್ತರ ಹುಡುಕುವಷ್ಟರಲ್ಲಿ ಧಾರವಾಡದಿಂದ ಅತ್ತೆಯ ಫೋನು ಬಂತು. ಲಿವರ್‌ಪೂಲಿನಾಗ ಏನೇನ ನೋಡಿದ್ರಿ ಅಂತ ಕೇಳಿದರು. ಮಾಮಾ ನನ್ನ ಕಡೆ ನೋಡಿ ನಕ್ಕು, "ಒಂದು ಪೈಪು ನೋಡಿದ್ವಿ" ಅಂದರು. ಅತ್ತೆ ಏನೆಂದರೋ ಕೇಳಿಸಲಿಲ್ಲ. ಆದರೆ ರೈಲು ಬಂದು, ಹತ್ತಿ ಕೂತು, ಅದು ಹೊರಟ ಮೇಲೂ ಮಾಮಾ ಆ ಪೈಪಿನ ಕಥೆ ಹೇಳುತ್ತಲೇ ಇದ್ದರು.