ಒಂದೇ ವಾರಕ್ಕೆ ಎರಡು ಕರಾವಳಿ ಹೆಚ್ಚಾಯಿತು

ಇಟಲಿಯ ಚಿಂಕ್ವೆ ತೆರ್ರೆ (ಕಡಲಂಚಿನ ಐದು ಪುಟ್ಟ ಊರುಗಳ ಸಾಲು) ಮತ್ತು ಅಮಾಲ್ಫಿ ಕರಾವಳಿ ಎರಡನ್ನೂ ಏಳು ದಿನಗಳಲ್ಲಿ ಬಾಡಿಗೆ ಕಾರಿನಲ್ಲಿ ನೋಡಿಬರಬಹುದು, ಹಿರಿಯರಿಗೂ ಅದು ಸುಲಭ ಎಂದು ಪ್ರವಾಸ ಲೇಖನವೊಂದರಲ್ಲಿ ಲೇಖಕರು ಕೊಟ್ಟ ಸಲಹೆಯನ್ನು ಒಪ್ಪಲಾರೆ. ಮೊದಲನೆಯದು ವಾಯವ್ಯದ ಲಿಗುರಿಯಾದಲ್ಲಿದೆ, ಎರಡನೆಯದು ನೇಪಲ್ಸ್‌ಗಿಂತ ದಕ್ಷಿಣಕ್ಕೆ. ನಡುವಿನ ಪ್ರಯಾಣವೇ ಒಂದು ಹಗಲನ್ನು ನುಂಗುತ್ತದೆ. ಚಿಂಕ್ವೆ ತೆರ್ರೆಯಲ್ಲಿ ಕಾರು ಹೊರೆಯೇ ಸರಿ, ಏಕೆಂದರೆ ಅದನ್ನು ಊರಂಚಿನಲ್ಲೇ ಬಿಟ್ಟು ನಡೆಯಬೇಕು. ಅದಕ್ಕಿಂತ ಹತ್ತಿರದ ಲಾ ಸ್ಪೆತ್ಸಿಯಾದಲ್ಲೋ ಲೆವಾಂತೋದಲ್ಲೋ ತಂಗಿ, ಐದೂ ಊರುಗಳಲ್ಲಿ ನಿಲ್ಲುವ ಸ್ಥಳೀಯ ರೈಲು ಹಿಡಿಯುವುದು ಎಷ್ಟೋ ಮೇಲು. ಮಂಡಿನೋವಿರುವ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋದಾಗ, ಐದರಲ್ಲೊಂದಾದ ಕೊರ್ನೀಲಿಯಾದ ನಿಲ್ದಾಣದಿಂದ ಊರಿಗೆ ಏರಲು ಸುಮಾರು 380 ಮೆಟ್ಟಿಲುಗಳಿವೆ ಎಂಬುದು ಮೊದಲೇ ತಿಳಿದಿದ್ದರಿಂದ ನಿಲ್ದಾಣದ ಬಳಿಯ ಪುಟ್ಟ ಬಸ್ಸಿಗೆ ಕಾದೆವು. ಅವರಿಗೆ ನಿಜವಾಗಿ ಒಗ್ಗಿದ ಊರು ಮೊಂತೆರೊಸ್ಸೊ: ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಕಡಲದಂಡೆ, ಉದ್ದಕ್ಕೂ ಸಮತಟ್ಟಾದ ದಾರಿ.

ಅಮಾಲ್ಫಿಗೆ ರೈಲಿಲ್ಲ ಎಂಬುದನ್ನೂ ಲೇಖನ ಹೇಳಬೇಕಿತ್ತು. ಬಂಡೆಗೆ ಅಂಟಿಕೊಂಡ ಅಲ್ಲಿನ ಕಿರಿದಾದ ತಿರುವು ರಸ್ತೆ ಮಕ್ಕಳ ಹೊಟ್ಟೆ ತೊಳಸುವಂಥದ್ದು. ಸಾಲದೆಂಬಂತೆ, ದಟ್ಟಣೆಯ ದಿನಗಳಲ್ಲಿ ನಂಬರ್ ಪ್ಲೇಟಿನ ಸಮ-ಬೆಸ ಸಂಖ್ಯೆಯ ನಿರ್ಬಂಧವೂ ಇರುತ್ತದೆ. ಸಲೆರ್ನೊವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಅಮಾಲ್ಫಿ, ಪೊಸಿತಾನೊಗಳಿಗೆ ದೋಣಿ ಹಿಡಿಯುವುದೇ ಕುಟುಂಬಗಳಿಗೆ ಹಿತ. ಈ ದೋಣಿಗಳು ಚಳಿಗಾಲದಲ್ಲಿ ಬಹುಮಟ್ಟಿಗೆ ನಿಂತುಹೋಗುವುದರಿಂದ, ಕ್ರಿಸ್‌ಮಸ್ ರಜೆಗಿಂತ ನಮ್ಮ ಶಾಲೆಗಳ ಮೇ ತಿಂಗಳ ರಜೆಯೇ ಇದಕ್ಕೆ ಸೂಕ್ತ.