ನೂಲು ನೂರು, ಒಗೆಯುವ ಕಲ್ಲು ಒಂದೇ

ಮಂಗಳೂರಿನಲ್ಲಿ ಚಳಿಗಾಲ ಎಂದರೆ ಜನವರಿಯ ಬೆಳಗಿನ ಜಾವ ಎದ್ದು ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸಿ ಮತ್ತೆ ಮಲಗುವುದು. ತಾಪಮಾನ 20 ಡಿಗ್ರಿಯ ಹತ್ತಿರ ಬಂದರೆ ಸಾಕು, ಹಾಲಿನ ಅಂಗಡಿಯ ಮುಂದೆ "ಈ ಸಲ ಚಳಿ ಜೋರುಂಟು ಮಾರಾಯ್ರೆ" ಶುರು. ಇಂಥ ಊರಿನಲ್ಲಿ ಕೂತು ನಾನು ಸ್ವೆಟರ್ ಹೆಣೆಯುತ್ತೇನೆ. ಸಿಟಿ ಬಸ್ಸಿನಲ್ಲಿ ಕಡ್ಡಿ ಹೊರಗೆ ತೆಗೆದರೆ ಪಕ್ಕದ ಸೀಟಿನವರು ನನ್ನ ಮುಖ ನೋಡಿ, ಕತ್ತಿನ ಬೆವರು ಒರೆಸಿಕೊಂಡು, "ಯಾರಿಗೆ?" ಎನ್ನುತ್ತಾರೆ.

ರಫ್ತಿಗೆ. ಕರಾವಳಿಯಲ್ಲಿ ಹೆಣೆಯುವವರೆಲ್ಲ ರಫ್ತುದಾರರೇ. ಮೈದುನನ ಮಗ ಬೆಂಗಳೂರಿನಲ್ಲಿ, ತಂಗಿ ಟೊರಾಂಟೊದಲ್ಲಿ, ಗೆಳತಿಯ ಗಂಡ ದುಬೈಯಲ್ಲಿ. ದುಬೈಗೆ ಸ್ವೆಟರ್ ಯಾಕೆ ಎಂದು ಕೇಳಬೇಡಿ, ಅಲ್ಲಿ ಹೊರಗೆ 45 ಡಿಗ್ರಿ ಇದ್ದಾಗಲೇ ಕಚೇರಿಯ ಒಳಗೆ ಹಲ್ಲು ಕಟಕಟ ಎನ್ನುವುದು. ಮನೆಗೊಬ್ಬರಾದರೂ ಪರಊರಿಗೆ ಹೋಗಿರುವ ಜಿಲ್ಲೆಯಾದ್ದರಿಂದ ನನ್ನ ಕಡ್ಡಿಗಳಿಗೆ ಬಿಡುವೆಂಬುದಿಲ್ಲ.

ಹೆಣೆಯಲು ಕಲಿಸಿದ್ದು ಕಾನ್ವೆಂಟಿನ ಸಿಸ್ಟರ್. ಯಾವ ನೂಲು ಎಂಬ ಪ್ರಶ್ನೆ ಅವರ ಪಾಠದಲ್ಲಿ ಇರಲಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಇದ್ದದ್ದೇ ಒಂದು ಬಗೆ. ಆರಿಸುವುದೇನಿದ್ದರೂ ಬಣ್ಣವನ್ನು ಮಾತ್ರ. ಈಗ ಹಂಪನಕಟ್ಟೆಯ ಕಡೆ ಹೋದರೆ ಮೆರಿನೊ, ಹತ್ತಿ, ಮರ್ಸರೈಸ್ಡ್ ಹತ್ತಿ, ಬಿದಿರು, ಅಕ್ರಿಲಿಕ್, ಎಲ್ಲ ಸೇರಿದ ಕಲಬೆರಕೆ, ಒಂದು ಗೋಡೆ ತುಂಬ. ಅಂಗಡಿಯವರು ಪ್ರತಿಯೊಂದು ಉಂಡೆಯನ್ನೂ "ಕೆನ್ನೆಗೆ ಒತ್ತಿ ನೋಡಿ ಮೇಡಂ" ಎನ್ನುತ್ತಾರೆ. ಒತ್ತಿದರೆ ಎಲ್ಲವೂ ಮೆತ್ತಗೆ. ಅಂಗಡಿಯಲ್ಲಿ ಮೆತ್ತಗಿರದ ನೂಲನ್ನು ನಾನಂತೂ ಕಂಡಿಲ್ಲ. ಆಮೇಲೆ ನೀರಿಗೆ ಬಿದ್ದಾಗ ಅದರ ನಿಜವಾದ ಜಾತಕ ತೆರೆಯುತ್ತದೆ. ಹಾಗಾಗಿ ಈಗ ಯಾರು ಏನು ಹೆಣೆದುಕೊಡು ಎಂದರೂ ನಾನು ಎದೆಯ ಸುತ್ತಳತೆ ಕೇಳುವ ಮೊದಲು ಒಂದು ಮಾತು ಕೇಳುತ್ತೇನೆ. ಹಾಕಿಕೊಳ್ಳುವವರು ಯಾರಾದರೂ ಇರಲಿ, ಒಗೆಯುವವರು ಯಾರು?

ಈ ಪ್ರಶ್ನೆಗೆ ಕಾರಣ ನನ್ನ ಅತ್ತೆ. ಮೈದುನನ ಮಗನಿಗೆ ಎಂದು ಮೆರಿನೊ ಉಣ್ಣೆಯಲ್ಲಿ, ತೋಳಿಗೆ ಜಡೆಯ ವಿನ್ಯಾಸ ಹಾಕಿ, ಒಂದು ನೀಲಿ ಸ್ವೆಟರ್ ಮುಗಿಸಿದ್ದೆ. ಹುಡುಗ ರಜೆಗೆ ಬಂದವನು ಅದನ್ನು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವಾಗ ಅದರ ಮೇಲೆ ಹಲಸಿನ ಹಣ್ಣಿನ ಮೇಣ ಮೆತ್ತಿಕೊಂಡ. ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಅತ್ತೆಯವರಿಗೆ ಕೊಳೆ ಕಂಡರೆ ಆಗುವುದಿಲ್ಲ. ಹಂಡೆಯಿಂದ ಕುದಿಯುವ ನೀರು ಮೊಗೆದು, ಸಾಬೂನು ತಿಕ್ಕಿ, ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಬಡಿದಿದ್ದಾರೆ. ನಾನು ಬರುವಾಗ ಹಗ್ಗದ ಮೇಲೆ ತೆಂಗಿನಕಾಯಿಗೆ ಸರಿಯಾಗಿ ಕೂರುವ ಅಳತೆಯ ಒಂದು ನೀಲಿ ವಸ್ತು ನೇತಾಡುತ್ತಿತ್ತು.

"ಮೇಣ ಪೂರ್ತಿ ಹೋಯ್ತು ನೋಡು" ಎಂದರು ಅತ್ತೆ. ಹೋಗಿತ್ತು, ನಿಜ.

ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೀನಿನ ಮೈಮೇಲಿನ ಹುರುಪೆಯ ಹಾಗೆ ಒಂದರ ಮೇಲೊಂದು ಪದರ ಇರುತ್ತದೆ. ಬಿಸಿನೀರು ಮತ್ತು ಸಾಬೂನಿಗೆ ಆ ಹುರುಪೆ ಬಿಚ್ಚಿಕೊಳ್ಳುತ್ತದೆ, ಬಡಿದಾಗ ಎಳೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಸಿಕ್ಕಿಕೊಂಡದ್ದು ಮತ್ತೆ ಬಿಡುವುದಿಲ್ಲ. ಕಂಬಳಿ ಗಟ್ಟಿಯಾಗಲಿ ಎಂದು ಬೇಕೆಂದೇ ಹೀಗೆ ಮಾಡುವವರಿದ್ದಾರೆ. ಅತ್ತೆಯವರು ಬೇಕೆಂದೇ ಮಾಡಿದ್ದಲ್ಲ, ಆದರೆ ಅವರ ಕೆಲಸದಲ್ಲಿ ಒಂದು ಕುಂದು ಹುಡುಕಲಿಕ್ಕೂ ಆಗಲಿಲ್ಲ. ಬಿಸಿ, ಸಾಬೂನು, ಪೆಟ್ಟು, ಮೂರೂ ಸರಿಯಾದ ಪ್ರಮಾಣದಲ್ಲಿ.

ಆ ಸ್ವೆಟರ್ ಈಗ ಅಡುಗೆಮನೆಯಲ್ಲಿದೆ. ನೀರುದೋಸೆಯ ಕಬ್ಬಿಣದ ಕಾವಲಿ ಇಳಿಸಲು ಅದರಂಥ ಮಸಿಬಟ್ಟೆ ಇನ್ನೊಂದಿಲ್ಲ. ಉಣ್ಣೆ ಹೊತ್ತಿಕೊಳ್ಳಲು 570 ಡಿಗ್ರಿಗೂ ಮೇಲಿನ ಶಾಖ ಬೇಕು, ಹೊತ್ತಿಕೊಂಡರೂ ಬೆಂಕಿ ದೂರ ಮಾಡಿದೊಡನೆ ತಾನಾಗಿ ಆರುತ್ತದೆ. ಬಂದ ನೆಂಟರೆಲ್ಲ ಮೆಚ್ಚಿದ್ದಾರೆ. ಒಂದು ತೋಳಿನ ಜಡೆ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಅಂಗಡಿಯವರು ಮುಂದಿನ ಸಲ "ಸೂಪರ್‌ವಾಶ್ ತಗೊಳ್ಳಿ" ಎಂದರು. ಅದು ಕ್ಲೋರಿನ್ನಿನಲ್ಲಿ ಹುರುಪೆ ಸವೆಸಿ, ಮೇಲೆ ತೆಳ್ಳಗೆ ರಾಳದ ಲೇಪ ಕೊಟ್ಟ ಉಣ್ಣೆ, ಮೆಷಿನ್ನಿಗೆ ಹಾಕಬಹುದು. ಒದ್ದೆಯಾದರೆ ಕುಗ್ಗುವ ಬದಲು ಉದ್ದವಾಗುತ್ತದೆ, ಅಷ್ಟೆ. ಅತ್ತೆಯವರ ಕಲ್ಲಿನ ಎದುರು ಅದನ್ನು ಪರೀಕ್ಷಿಸುವ ಧೈರ್ಯ ಅದರ ಬೆಲೆ ನೋಡಿದ ಮೇಲೆ ಬರಲಿಲ್ಲ.

ಆಮೇಲಿನದು ಹತ್ತಿ. ಹತ್ತಿಗೆ ಅತ್ತೆಯವರ ಭಯವಿಲ್ಲ. ಒದ್ದೆಯಾದಷ್ಟೂ ಗಟ್ಟಿಯಾಗುವ ನಾರು ಅದು, ಎಷ್ಟು ಬಡಿದರೂ ತಾಳುತ್ತದೆ. ದುಬೈಗೆ ಹೋಗುವ ಕಾರ್ಡಿಗನ್ನಿಗೆ ಅದೇ ಸರಿ ಎನಿಸಿತು. ಆದರೆ ಮುಗಿದದ್ದು ಜುಲೈಯಲ್ಲಿ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆಯ ಊರಿನಲ್ಲಿ ಜುಲೈ ತಿಂಗಳು ಬಟ್ಟೆ ಒಗೆಯುವುದು ಸುಲಭ, ಒಣಗಿಸುವುದು ಪುರುಷಾರ್ಥ. ಉಣ್ಣೆಗೆ ಹುಟ್ಟಿನಿಂದಲೇ ಒಂದು ಸುರುಳಿ ಇರುತ್ತದೆ, ಎಳೆದರೆ ಹಿಂದಕ್ಕೆ ಬರುತ್ತದೆ. ಹತ್ತಿಗೆ ಆ ಗುಣವಿಲ್ಲ. ನೀರು ಕುಡಿದು ಭಾರವಾಗಿ, ಆ ಭಾರಕ್ಕೆ ತಾನೇ ಜೋತು ಬೀಳುತ್ತದೆ. ಮಾವನವರು ಸಹಾಯ ಮಾಡುತ್ತೇನೆಂದು ಅದನ್ನು ಜಗಲಿಯ ತಂತಿಗೆ ಎರಡು ಕ್ಲಿಪ್ ಹಾಕಿ ತೂಗಿಸಿದರು. ಬೆಳಿಗ್ಗೆ ನೋಡಿದರೆ ಸೊಂಟದ ಕಾರ್ಡಿಗನ್ ಮೊಣಕಾಲಿಗೆ ಬಂದಿತ್ತು, ತೋಳುಗಳು ಇನ್ನೂ ಕೆಳಗೆ.

ಒಣಗದೆ ಮುಗ್ಗಲು ವಾಸನೆ ಬೇರೆ. ಕೊನೆಗೆ ಅತ್ತೆಯವರೇ ಅದನ್ನು ಬಚ್ಚಲಿನ ಒಲೆಯ ಮೇಲಿನ ಅಡ್ಡಕೋಲಿಗೆ ಹಾಕಿದರು. ಅಲ್ಲಿ ತೆಂಗಿನ ಸಿಪ್ಪೆಯ ಹೊಗೆಗೆ ಎರಡು ದಿನದಲ್ಲಿ ಗರಿಗರಿ ಒಣಗಿತು. ಹೊಗೆಯ ವಾಸನೆ ಮಾತ್ರ ಮತ್ತೆ ಒಗೆದರೂ ಹೋಗಲಿಲ್ಲ, ಹಾಗೇ ಕಳಿಸಿದೆವು. ದುಬೈಯಿಂದ ಗೆಳತಿಯ ಗಂಡ ಫೋನ್ ಮಾಡಿದರು. ಉದ್ದದ ಬಗ್ಗೆ ಮಾತೇ ಇಲ್ಲ. ಕಚೇರಿಯ ಅರಬ್ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು ಮೂಸಿ, ಇದು ಯಾವ ಊದಿನ ಧೂಪ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರಂತೆ. ಅತ್ತೆಯವರು ಇದನ್ನು ಕೇಳಿ ಒಂದು ಗೋಣಿ ಸಿಪ್ಪೆ ಪಾರ್ಸೆಲ್ ಮಾಡಲು ತಯಾರಾಗಿದ್ದರು.

ಬಿದಿರಿನ ನೂಲಿನ ವಿಷಯ ಹೆಚ್ಚು ಹೇಳುವುದಿಲ್ಲ. ಹಸಿರು ಎಲೆಯ ಚಿತ್ರ ಇರುವ ಲೇಬಲ್ ನೋಡಿ ಬಿದಿರನ್ನು ಸೀಳಿ ನಾರು ತೆಗೆಯುತ್ತಾರೆಂದು ಭಾವಿಸಬೇಡಿ. ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಸಣ್ಣ ತೂತುಗಳಿಂದ ಎಳೆದ ವಿಸ್ಕೋಸ್ ಅದು, ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ನಮ್ಮಲ್ಲಿಗೆ ಶಂಕರಪುರದ ಮಲ್ಲಿಗೆ ತರುವ ಹೆಂಗಸು ಒಮ್ಮೆ ನನ್ನ ಬಿದಿರಿನ ಉಂಡೆಯನ್ನು ಬೆರಳಲ್ಲಿ ಉಜ್ಜಿ, ಬೆಲೆ ಕೇಳಿ, ನಕ್ಕುಬಿಟ್ಟಳು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಷ್ಟನ್ನೂ ಒದ್ದೆ ಬಾಳೆನಾರಿನಲ್ಲಿ ಕಟ್ಟುವವಳು ಅವಳು. "ಬಾಳೆ ಕಡಿದು ಬಿಸಾಡ್ತೀರಿ, ಇದಕ್ಕೆ ದುಡ್ಡು ಕೊಡ್ತೀರಿ" ಎಂದಳು. ನಾರಿನ ವಿಷಯದಲ್ಲಿ ಈ ಎರಡು ಜಿಲ್ಲೆಗಳಲ್ಲಿ ಅವಳಿಗಿಂತ ಹೆಚ್ಚು ತಿಳಿದವರು ಇದ್ದರೆ ನನಗೆ ಪರಿಚಯವಿಲ್ಲ.

ಇನ್ನು ಉಡುಪಿಯ ದೊಡ್ಡತ್ತೆಯ ಶಾಲು. ಅವರ ಮನೆ ರಥಬೀದಿಯಿಂದ ಕೂಗಳತೆಯಲ್ಲಿದೆ. ಏಕಾದಶಿ, ಮಡಿ, ಎಲ್ಲ ಕಟ್ಟುನಿಟ್ಟು. ಮಡಿಯ ಶಾಸ್ತ್ರದಲ್ಲಿ ಹತ್ತಿ ಬಟ್ಟೆಯ ಪಾಡು ಕಷ್ಟ: ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಬೇಕು, ಮುಟ್ಟಿದರೆ ಮತ್ತೆ ಒಗೆತ. ಉಣ್ಣೆಗೂ ರೇಷ್ಮೆಗೂ ಆ ಉಪದ್ರವ ಇಲ್ಲ. ಮಳೆಗಾಲದ ಉಡುಪಿಯಲ್ಲಿ ಈ ವಿನಾಯಿತಿಯ ಬೆಲೆ ಏನೆಂದು ಒಂದು ವಾರ ಒದ್ದೆ ಸೀರೆಯ ಜೊತೆ ಬದುಕಿದವರಿಗೆ ಗೊತ್ತು. ಹಾಗಾಗಿ ದೊಡ್ಡತ್ತೆಯ ಆರ್ಡರ್ ಖಡಾಖಂಡಿತ. ಶುದ್ಧ ಉಣ್ಣೆ, ಬೇರೆ ಯಾವುದೂ ಬೇಡ.

ಅಂಗಡಿಯಲ್ಲಿ "ಪ್ಯೂರ್ ವೂಲ್" ಎಂದು ಬರೆದ ಕೆನೆಬಣ್ಣದ ನೂಲು ಸಿಕ್ಕಿತು, ಬೆಲೆ ಅನುಮಾನ ಬರುವಷ್ಟು ಕಡಿಮೆ. ಇದಕ್ಕೆ ಬೆಂಕಿಪೊಟ್ಟಣದ ಪರೀಕ್ಷೆ ಉಂಟು. ತುಂಡು ನೂಲು ಸುಟ್ಟಾಗ ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ಕಿನಂಥ ಕೃತಕ ನೂಲು. ಹೋಲಿಸಿ ನೋಡೋಣವೆಂದು ಮೊದಲು ಮನೆಯಲ್ಲಿ ಉಳಿದಿದ್ದ ಮೆರಿನೊ ತುಂಡು ಸುಟ್ಟೆ. ಅದು ಶುಕ್ರವಾರ, ದೀಪ ಹಚ್ಚುವ ಹೊತ್ತು. ಕೂದಲು ಸುಟ್ಟ ವಾಸನೆ ದೇವರ ಕೋಣೆಗೆ ತಲುಪಿದ್ದೇ ತಡ, ಅತ್ತೆಯವರು ಘಂಟೆ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. ಯಾರ ಕೂದಲು, ಯಾರು ಸುಟ್ಟದ್ದು, ಯಾರ ದೃಷ್ಟಿ ತೆಗೆಯಲು? ನೂಲಿನ ಗುಣಮಟ್ಟ ಪರೀಕ್ಷೆ ಎಂದರೆ ಶುಕ್ರವಾರ ಸಂಜೆ ಯಾರು ನಂಬುತ್ತಾರೆ! ಗಲಾಟೆಯ ಮಧ್ಯೆ ಕೆನೆಬಣ್ಣದ ತುಂಡನ್ನೂ ಸುಟ್ಟಾಯಿತು. ಕರಗಿ, ಕಪ್ಪಾಗಿ, ಉಗುರಿನಲ್ಲಿ ಒಡೆಯಲಾಗದ ಒಂದು ಮಣಿ.

ಉಂಡೆ ಬಿಚ್ಚಿ ಆಗಿತ್ತು, ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಶಾಲು ಹೆಣೆದು ಉಡುಪಿಗೆ ಒಯ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೊಡ್ಡತ್ತೆ ಶಾಲನ್ನು ಕಣ್ಣಿನಲ್ಲೇ ಅಳೆದರು, ಮುಟ್ಟಲಿಲ್ಲ.

"ಇದು ಎಂತದರಿಂದ ಮಾಡುದು?"

"ಪೆಟ್ರೋಲಿಯಂನಿಂದ. ಅದರಲ್ಲಿ ಪ್ರೊಪಿಲೀನ್ ಅಂತ ಒಂದು ಸಿಗ್ತದೆ, ಅದಕ್ಕೆ ಅಮೋನಿಯ ಸೇರಿಸಿ..."

"ಅಂದ್ರೆ ಚಿಮಿಣಿ ಎಣ್ಣೆಯ ಜಾತಿ."

"ಒಂದು ಲೆಕ್ಕದಲ್ಲಿ ಹೌದು."

ಅವರು ಯೋಚಿಸಿದರು. ಚಿಮಿಣಿ ಎಣ್ಣೆಯ ದೀಪ ದೇವರ ಎದುರು ಯಾರೂ ಹಚ್ಚುವುದಿಲ್ಲ. ಹಾಗೆಂದು ಮನೆಯಿಂದ ಹೊರಗೆ ಹಾಕಿದವರೂ ಇಲ್ಲ. "ದೇವರ ಕೋಣೆಗೆ ಬೇಡ. ಟಿವಿ ನೋಡ್ಲಿಕ್ಕೆ ಆಗ್ಬಹುದು" ಎಂದು ತೀರ್ಪು ಕೊಟ್ಟರು. ಈಗ ಧಾರಾವಾಹಿಯ ಹೊತ್ತಿಗೆ ಶಾಲು, ಸಂಧ್ಯಾದೀಪದ ಹೊತ್ತಿಗೆ ಹಳೆಯ ರೇಷ್ಮೆ. ಅಕ್ರಿಲಿಕ್ಕಿನ ಸ್ಥಾನಮಾನವನ್ನು ಇಷ್ಟು ಕರಾರುವಾಕ್ಕಾಗಿ ಯಾವ ಜವಳಿ ತಜ್ಞರೂ ನಿಗದಿ ಮಾಡಿರಲಿಕ್ಕಿಲ್ಲ.

ಮಾವನವರಿಗೆ ಮಾತ್ರ ಈ ಭೇದವಿಲ್ಲ. ಅವರಿಗೆ ಬೇಕಾದದ್ದು ಯಕ್ಷಗಾನಕ್ಕೆ ಒಂದು ಮಫ್ಲರ್, ನಾನು ಹೆಣೆದುಕೊಟ್ಟದ್ದು ಅಕ್ರಿಲಿಕ್ಕಿನಲ್ಲಿ. ಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಪತ್ತನಾಜೆಯವರೆಗೆ ಗದ್ದೆಯ ಮಂಜಿನಲ್ಲಿ ಕೂರುವ ತಲೆಗಳಿಗೆಲ್ಲ ಮಫ್ಲರ್ ಬೇಕು. ಕಾಲಮಿತಿ ಪ್ರಯೋಗ ಬಂದು ಆಟ ಮಧ್ಯರಾತ್ರಿಗೇ ಮುಗಿಯತೊಡಗಿದ ಮೇಲೆ ಈ ವ್ಯಾಪಾರ ಸ್ವಲ್ಪ ಇಳಿದಿದೆ, ಅದು ಬೇರೆ ಮಾತು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಯೂ ಒದ್ದೆ ಎನಿಸುವುದಿಲ್ಲ, ಅಕ್ರಿಲಿಕ್ ಹೀರುವುದು ಶೇಕಡ 1 ಅಥವಾ 2. ಹೊರಗಿನ ಇಬ್ಬನಿ ಹೊರಗೆ, ಒಳಗಿನ ಬೆವರು ಒಳಗೆ. ಮಾವ ಚೆಂಡೆ ಜೋರಾದಾಗಲೆಲ್ಲ ಮಫ್ಲರ್ ಬಿಚ್ಚಿ ತಲೆ ಒರೆಸಿಕೊಳ್ಳುತ್ತಾರಂತೆ. ಅದನ್ನು ಇಸ್ತ್ರಿಯವನು ಒಮ್ಮೆ ಇದ್ದಿಲಿನ ಪೆಟ್ಟಿಗೆಯಲ್ಲಿ ಚೆನ್ನಾಗಿ ಒತ್ತಿಬಿಟ್ಟ. ಬಿಸಿಗೆ ಅಕ್ರಿಲಿಕ್ ಮೆತ್ತಗಾಗಿ ಉಬ್ಬು ಎಲ್ಲ ಸತ್ತಿತು, ಪುಟಿಯುತ್ತಿದ್ದ ಪಟ್ಟಿಗಳು ಚಪ್ಪಟೆಯಾದವು, ಇನ್ನು ಏನು ಮಾಡಿದರೂ ಎದ್ದು ಬರುವುದಿಲ್ಲ. ನಾನು ಲಬೋ ಎಂದೆ. ಮಾವ ಅದನ್ನು ತಲೆಗೆ ಸುತ್ತಿ ಕನ್ನಡಿಯಲ್ಲಿ ನೋಡಿಕೊಂಡು, "ಈಗ ಮುಂಡಾಸು ಸರಿ ಕೂರ್ತದೆ" ಎಂದು ಇನ್ನೊಂದನ್ನೂ ಇಸ್ತ್ರಿಗೆ ಕೊಟ್ಟರು.

ಮೊನ್ನೆ ಟೊರಾಂಟೊದಿಂದ ತಂಗಿ ವಿಡಿಯೊ ಕಾಲ್ ಮಾಡಿದ್ದಳು. ಹಿಂದೆ ಕಿಟಕಿಯಲ್ಲಿ ಹಿಮ, ಇಲ್ಲಿ ನನ್ನ ತಲೆಯ ಮೇಲೆ ಫ್ಯಾನು. ಮಗಳಿಗೆ ಸ್ವೆಟರ್ ಬೇಕು, ಖರ್ಚಿನ ಚಿಂತೆ ಬೇಡ, ಒಳ್ಳೆಯ ಮೆರಿನೊದಲ್ಲೇ ಆಗಲಿ ಎಂದಳು.

"ಒಗೆಯುವವರು ಯಾರು?"

"ಇಲ್ಲಿ ಯಾರು ಕೈಯಲ್ಲಿ ಒಗೀತಾರೆ ಅಕ್ಕ, ಮೆಷಿನ್."

"ಮೆಷಿನ್ನಿನ ಬಟನ್ ಒತ್ತುವವರು ಯಾರು?"

ಅವಳು ಹಿಂದೆ ತಿರುಗಿ ನೋಡಿದಳು. ಅವಳ ಗಂಡ ಎರಡೂ ಕೈಯಲ್ಲಿ ಬಟ್ಟೆಯ ರಾಶಿ ತಬ್ಬಿಕೊಂಡು, ಮಗಳ ಬಿಳಿ ಫ್ರಾಕ್, ತಮ್ಮ ಜೀನ್ಸ್, ಬಾಗಿಲಿನ ಕಾಲೊರಸು ಎಲ್ಲ ಒಟ್ಟಿಗೆ, ಹಾಡು ಗುನುಗುತ್ತ ಹೋಗುತ್ತಿದ್ದರು.

"ಅಕ್ರಿಲಿಕ್ಕೇ ಇರ್ಲಿ" ಎಂದಳು ತಂಗಿ.